ಹಳೇ ಫೈಲೆಲ್ಲಾ ಕಳ್ಸಿ ಅಂತಿದಾರೆ, ಕೊಡ್ಲಾ ಬೇಡ್ವಾ?

ಅಕ್ಕ, ನಾನು ಮಂಡ್ಯದವಳು, ಮನೇಲೇ ಕೂತು ಇಂಗ್ಲಿಷಿಂದ ಕನ್ನಡಕ್ಕೆ ಅನುವಾದ ಮಾಡ್ತೀನಿ, ಬೆಳೆ ವಿಮೆ ಕರಪತ್ರ, ಕೀಟನಾಶಕದ ಲೇಬಲ್ಲು, ಜಾಹೀರಾತು ಇಂಥವು. ಪದಕ್ಕೆ ಒಂದೂವರೆ ರೂಪಾಯಿ ಕೊಡ್ತಿದ್ದ ಏಜೆನ್ಸಿಯವರು ಈಗ ಎಐ ಮಾಡಿರೋದನ್ನ ಬರೀ ತಿದ್ದಿಕೊಡಿ, 40 ಪೈಸೆ ಅಂತಾರೆ. ಎರಡು ತಿಂಗಳಿಂದ ಬಿಲ್ಲಿನ ದುಡ್ಡೂ ಬಂದಿಲ್ಲ. ಸಾಲದ್ದಕ್ಕೆ, ಇಷ್ಟು ವರ್ಷ ಮಾಡಿದ್ದೆಲ್ಲಾ, ಬೇರೆ ಆಫೀಸುಗಳಿಗೆ ಮಾಡಿದ್ದೂ ಸೇರಿ, ಎಕ್ಸೆಲ್‌ಗೆ ಹಾಕಿ ಕಳ್ಸಿ, ನಮ್ಮ ಎಐಗೆ ಕಲಿಸ್ಬೇಕು ಅಂತಾರೆ. ಅತ್ತೆ 'ಕಂಪ್ಯೂಟರೇ ಬರಿಯೋದಾದ್ರೆ ನೀ ಯಾಕವ್ವ ರಾತ್ರಿಯೆಲ್ಲಾ ಕುಂತಿರ್ತೀಯ' ಅಂತಾರೆ. ಮನೆಯವರು ಸ್ಕೂಲ್ ಟೀಚರ್ ಕೆಲಸಕ್ಕೆ ಸೇರ್ಕೋ ಅಂತಿದಾರೆ.

ತಂಗಿ, ಮೊದಲು ಆ ಫೈಲ್ ವಿಷಯ. ಕಳಿಸಬೇಡ. ನೀನು ಅವರ ನೌಕರಳಲ್ಲ, ಹೊರಗಿಂದ ಮಾಡಿಕೊಡ್ತಿರೋಳು. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ನಿನ್ನ ಅನುವಾದದ ಹಕ್ಕು ಅವರಿಗೆ ಬರ್ಕೊಡ್ಬೇಕಂದ್ರೆ ಸಹಿ ಹಾಕಿದ ಕಾಗದನೇ ಬೇಕು, ಬಾಯಿಮಾತಲ್ಲಿ ಆಗಲ್ಲ, ಅದರಲ್ಲಿ ಎಷ್ಟು ವರ್ಷಕ್ಕೆ ಅಂತ ಬರೀದಿದ್ರೆ 5 ವರ್ಷ ಅಂತಲೇ ಲೆಕ್ಕ. ಹಾಗಾಗಿ ಹಿಂದೆ ಏನಕ್ಕಾದ್ರೂ ಸಹಿ ಹಾಕಿದೀಯಾ ಅಂತ ಹಳೇ ಇಮೇಲೆಲ್ಲಾ ತೆಗ್ದು ನೋಡು. ಬೇರೆ ಆಫೀಸಿನವು ಮಾತ್ರ ಯಾವ ಕಾರಣಕ್ಕೂ ಕೊಡಬೇಡ, ಅವರು ನಂಬಿ ಕೊಟ್ಟಿದ್ದು, ನಾಳೆ ಕೇಸು ಗೀಸು ಅಂತ ಬಂದ್ರೆ ನಿನ್ನ ತಲೆಗೇ ಬರೋದು.

ಈ 40 ಪೈಸೆ ನೋಡಿ ನಂಗೆ ನಿಜವಾಗ್ಲೂ ಸಿಟ್ಟು ಬಂತು. ತಿದ್ದೋದು ಅಂದ್ರೆ ಇಂಗ್ಲಿಷೂ ಓದ್ಬೇಕು, ಮಷೀನ್ ಬರ್ದಿದ್ದೂ ಓದ್ಬೇಕು, ಅದು ಎಷ್ಟು ಸರಾಗವಾಗಿ ಬರ್ದಿರುತ್ತೆ ಅಂದ್ರೆ ತಪ್ಪು ಕಣ್ಣಿಗೇ ಬೀಳಲ್ಲ, ಲೀಟರ್ ನೀರಿಗೆ ಇಷ್ಟು ಎಂಎಲ್ ಅಂತ ಇರೋದು ಎಕರೆಗೆ ಅಂತ ಆಗಿಬಿಟ್ರೆ ಮದ್ದೂರಿನ ರೈತ ಅದನ್ನೇ ನಂಬಿ ಹೊಡೀತಾನೆ, ಆಮೇಲೆ ಯಾರು ತಿದ್ದಿದ್ದು ಅಂತ ಕೇಳಿದ್ರೆ ನಿನ್ನ ಹೆಸರೇ ಹೇಳ್ತಾರೆ. ನಿಮ್ಮತ್ತೆಗೂ ಇದನ್ನೇ ಹೇಳು, ಅವರಿಗೆ ಗದ್ದೆ ಗೊತ್ತಲ್ಲ, ಅರ್ಥ ಆಗುತ್ತೆ. ಅದಕ್ಕೇ ಪದದ ಲೆಕ್ಕ ಬಿಡು, ಗಂಟೆ ಲೆಕ್ಕದಲ್ಲಿ ಕೇಳು.

2023ರಲ್ಲಿ ಅಮೆರಿಕದ ಸಿನಿಮಾ ಟಿವಿ ಬರಹಗಾರರು ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮುಷ್ಕರ ಮಾಡಿದ್ರು. ಎಐ ಬರೆದದ್ದನ್ನ ಕೈಗೆ ಕೊಟ್ಟರೆ ಹೇಳಿಯೇ ಕೊಡ್ಬೇಕು, ಅದರ ನೆಪದಲ್ಲಿ ಬರಹಗಾರರ ಕ್ರೆಡಿಟ್ ಕಿತ್ಕೊಳ್ಳಂಗಿಲ್ಲ ಅಂತ ಒಪ್ಪಂದ ಮಾಡಿಸ್ಕೊಂಡ್ರು. ಅವರಿಗೆ ಸಂಘ ಇತ್ತು. ನಿಂಗೆ ಅದೇ ಏಜೆನ್ಸಿಗೆ ಕೆಲಸ ಮಾಡೋ ನಾಲ್ಕು ಜನ ಗೊತ್ತಿರಬೇಕಲ್ಲ, ಫೋನ್ ಮಾಡಿ ಮಾತಾಡ್ಕೊಳ್ಳಿ, ಒಬ್ಬೊಬ್ರೇ ಹೋದ್ರೆ ಒಬ್ಬೊಬ್ರನ್ನೇ ಇಳಿಸ್ತಾರೆ.

ಮುಂದಿನ ಬಿಲ್ಲುಗಳಿಗೆ ಒಂದು ದಾರಿ ಇದೆ. ಉದ್ಯಮ್ ರಿಜಿಸ್ಟ್ರೇಶನ್, ಅಂದ್ರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ನೋಂದಾಯಿಸೋದು, ಅದನ್ನ ಮಾಡಿಸ್ಕೋ, ಆನ್‌ಲೈನಲ್ಲಿ ಫ್ರೀ. ಆಮೇಲಿನ ಕೆಲಸಕ್ಕೆ 45 ದಿನದೊಳಗೆ ದುಡ್ಡು ಕೊಡಲೇಬೇಕು, ಕೊಡದಿದ್ರೆ ಬಡ್ಡಿ ಸಮೇತ ಕೇಳಬಹುದು.

ಸ್ಕೂಲ್ ಕೆಲಸ ಸಿಕ್ಕರೆ ಸೇರ್ಕೋ ತಂಗಿ. ಜಾಹೀರಾತು, ಕರಪತ್ರದ ಹಳೇ ರೇಟು ಪೂರ್ತಿ ವಾಪಸ್ ಬರುತ್ತೆ ಅಂತ ನಿಂಗೆ ಸುಳ್ಳು ಆಸೆ ಹುಟ್ಟಿಸಲ್ಲ. ಮನೆಗೆ ಸಂಬಳ ಬರ್ತಿದ್ರೆ 40 ಪೈಸೆಗೆ ಆಗಲ್ಲ ಅನ್ನೋ ಧೈರ್ಯ ಬರುತ್ತೆ, ಸಂಜೆ ಹೊತ್ತು ಒಳ್ಳೇ ಅನುವಾದ ಮಾತ್ರ ತಗೋ.

ಏಜೆನ್ಸಿಗೆ ಇವತ್ತೇ ಇಷ್ಟು ಬರೆದು ಕಳ್ಸು: 'ಸರ್, ಹಳೆಯ ಅನುವಾದಗಳನ್ನು ಎಐ ತರಬೇತಿಗೆ ಕೊಡಲು ಆಗುವುದಿಲ್ಲ. ತಿದ್ದುವ ಕೆಲಸಕ್ಕೆ ಗಂಟೆಗೆ ಎಷ್ಟು ಕೊಡುತ್ತೀರಿ, ಬಾಕಿ ಬಿಲ್ ಯಾವ ತಾರೀಕಿಗೆ ಎಂದು ದಯವಿಟ್ಟು ಇಮೇಲಿನಲ್ಲೇ ತಿಳಿಸಿ.'