ಹತ್ತಕ್ಕೆ ನಾಲ್ಕು

ಓದುಗರ ಪತ್ರ: "ಹನ್ನೊಂದು ವರ್ಷದಿಂದ ಅಮೆರಿಕದ ವರ್ಜೀನಿಯಾ ರಾಜ್ಯದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿದ್ದೇವೆ. ಮಗ ಎಂಟನೇ ಕ್ಲಾಸು. ಟೀಜೆ ಹೈಸ್ಕೂಲಿನಲ್ಲಿ ಸೀಟು ಸಿಗಲಿಲ್ಲ. ಅಲ್ಲೀಗ ನಮ್ಮವರಿಗೆ ಅನ್ಯಾಯ ಮಾಡುವುದೇ ನಿಯಮ. ನಮ್ಮ ವಿಳಾಸಕ್ಕೆ ಬರುವ ಸರ್ಕಾರಿ ಹೈಸ್ಕೂಲಿಗೆ ವೆಬ್‌ಸೈಟಿನಲ್ಲಿ ಹತ್ತಕ್ಕೆ ನಾಲ್ಕು ರೇಟಿಂಗ್. ಅರ್ಧಕ್ಕಿಂತ ಹೆಚ್ಚು ಮಕ್ಕಳು ಉಚಿತ ಊಟದವರು, ಬಹುಪಾಲು ಮನೆಮಾತು ಸ್ಪ್ಯಾನಿಷ್. ಈ ಮನೆ ಮಾರಿ ಒಂಬತ್ತರ ಶಾಲೆ ಇರುವ ಕಡೆ ಹೋಗೋಣ ಎಂದು ನನ್ನಾಕೆಯ ಹಟ. ತಾವೇನು ಹೇಳುತ್ತೀರಿ?"

ಮಾನ್ಯರೇ,

ಮನೆ ಮಾರುವ ವಿಷಯದಲ್ಲಿ ಮೂರನೆಯವನ ಅಭಿಪ್ರಾಯ ಕೇಳುವವರಿಗೆ ಸಾಮಾನ್ಯವಾಗಿ ಮಾರಲು ಮನಸ್ಸಿರುವುದಿಲ್ಲ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ನಿಮ್ಮ ಮನೆಯವರು ಕೋಪಿಸಿಕೊಳ್ಳದಿರಲಿ.

ಮೊದಲು ನಿಮ್ಮ ಪರವಾದ ಮಾತು ಹೇಳಿ ಮುಗಿಸುತ್ತೇನೆ. ಟೀಜೆ, ಅಂದರೆ ಆಯ್ದ ಮಕ್ಕಳನ್ನಷ್ಟೇ ಸೇರಿಸಿಕೊಳ್ಳುವ ಸರ್ಕಾರಿ ಶಾಲೆಯಾದ ಥಾಮಸ್ ಜೆಫರ್ಸನ್ ವಿಜ್ಞಾನ ತಂತ್ರಜ್ಞಾನ ಹೈಸ್ಕೂಲಿನ ವಿಷಯದಲ್ಲಿ ನಿಮ್ಮ ಸಿಟ್ಟು ಸುಳ್ಳಲ್ಲ. 2020ರ ಕೊನೆಗೆ ಶಾಲಾ ಮಂಡಳಿ ಪ್ರವೇಶ ಪರೀಕ್ಷೆಯನ್ನು ತೆಗೆದುಹಾಕಿ, ಪ್ರತಿ ಮಿಡ್ಲ್ ಸ್ಕೂಲಿನ ಎಂಟನೇ ತರಗತಿಯ ಶೇ. 1.5ರಷ್ಟು ಮಕ್ಕಳಿಗೆ ಸೀಟು ಕಾದಿರಿಸಿತು. ಮರುವರ್ಷ ಸೀಟು ಸಿಕ್ಕವರಲ್ಲಿ ಏಷ್ಯನ್ ಮೂಲದವರ ಪಾಲು ಶೇ. 73ರಿಂದ 54ಕ್ಕೆ ಇಳಿಯಿತು. ಪೋಷಕರು ಕೋರ್ಟಿಗೆ ಹೋದರು. 2022ರಲ್ಲಿ ಕೆಳಗಿನ ಕೋರ್ಟಿನಲ್ಲಿ ಗೆದ್ದರು, 2023ರಲ್ಲಿ ಮೇಲ್ಮನವಿಯಲ್ಲಿ ಸೋತರು, 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅರ್ಜಿಯನ್ನು ಕೈಗೆತ್ತಿಕೊಳ್ಳಲೂ ಇಲ್ಲ. ಮಗುವನ್ನು ಶನಿವಾರ ಭಾನುವಾರವೂ ಬಿಡದೆ ಕೋಚಿಂಗಿಗೆ ಕರೆದೊಯ್ದ ತಂದೆತಾಯಿಯ ಹೊಟ್ಟೆ ಉರಿಯದೆ ಇರುತ್ತದೆಯೆ? ಒಪ್ಪಿದೆ.

ಆದರೆ ಮೇಲ್ಮನವಿಯ ತೀರ್ಪಿನಲ್ಲಿ ಇನ್ನೊಂದು ಲೆಕ್ಕವಿದೆ, ಅದನ್ನು ಕನ್ನಡ ಸಂಘದ ಊಟದ ಪಂಕ್ತಿಯಲ್ಲಿ ಯಾರೂ ಎತ್ತುವುದಿಲ್ಲ. ಹಳೆಯ ಪದ್ಧತಿಯ ಕೊನೆಯ ವರ್ಷ ಬಡ ಕುಟುಂಬದ ಏಷ್ಯನ್ ಮಕ್ಕಳಲ್ಲಿ ಟೀಜೆ ಸೀಟು ಸಿಕ್ಕಿದ್ದು ಒಂದೇ ಮಗುವಿಗೆ. ಹೊಸ ಪದ್ಧತಿಯ ಮೊದಲ ವರ್ಷ 51 ಮಕ್ಕಳಿಗೆ. ನೀವು ‘ನಮ್ಮವರು’ ಎಂದು ಬರೆದಿರಲ್ಲ, ಆ ಮಾತಿನೊಳಗೆ ಈ ಮಕ್ಕಳಿಗೆ ಜಾಗ ಉಂಟೋ ಇಲ್ಲವೋ, ಮುಂದಿನ ಕಾಗದದಲ್ಲಿ ತಿಳಿಸಿ.

ಇನ್ನು ನಿಮ್ಮ ನಾಲ್ಕು. ಕೆಲವು ವರ್ಷದ ಹಿಂದೆ ಅಕ್ಕನ ಮಗನ ಮನೆಗೆಂದು ನಿಮ್ಮ ಸೀಮೆಗೇ ಬಂದಿದ್ದೆ. ಅವನೂ ಆಗ ಮನೆ ಹುಡುಕುತ್ತಿದ್ದ. ಏಜೆಂಟಮ್ಮ ಅಡುಗೆಮನೆ ತೋರಿಸುವ ಮೊದಲು ಫೋನು ತೋರಿಸಿದರು: ಶಾಲೆಗೆ ಹತ್ತಕ್ಕೆ ಒಂಬತ್ತು. ಈ ಬೀದಿಯಲ್ಲಿ ಎಂಥ ಜನ ಇದ್ದಾರೆ ಎಂದು ನಮ್ಮ ಹುಡುಗ ಕೇಳಿದ್ದಕ್ಕೆ, ಅದನ್ನೆಲ್ಲ ನಾನು ಹೇಳುವ ಹಾಗಿಲ್ಲ ಎಂದರು. ಜನಾಂಗ ನೋಡಿ ಗಿರಾಕಿಯನ್ನು ಒಂದು ಬಡಾವಣೆಗೆ ತಿರುಗಿಸುವುದು 1968ರಿಂದ ಅಲ್ಲಿ ಕಾನೂನಿಗೆ ವಿರುದ್ಧ. ಶಾಲೆಯ ಅಂಕಿ ತೋರಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಬಾಯಿ ಹೇಳಬಾರದ್ದನ್ನು ಫೋನು ಹೇಳಿತು, ಅಷ್ಟೆ.

ಆ ಅಂಕಿ ಅಳೆಯುವುದಾದರೂ ಏನನ್ನು? ಇದು ಇಂದು ನಿನ್ನೆಯ ಪ್ರಶ್ನೆಯಲ್ಲ. 1966ರಲ್ಲಿ ಜೇಮ್ಸ್ ಕೋಲ್ಮನ್ ಎಂಬ ಸಮಾಜಶಾಸ್ತ್ರಜ್ಞ ಅಮೆರಿಕ ಸರ್ಕಾರಕ್ಕೆ ಒಂದು ವರದಿ ಕೊಟ್ಟ. ಸುಮಾರು 4,000 ಶಾಲೆ, ಆರು ಲಕ್ಷದ ಆಸುಪಾಸಿನ ಮಕ್ಕಳು. ಕಟ್ಟಡ, ಪ್ರಯೋಗಶಾಲೆ, ಖರ್ಚು ಇವೆಲ್ಲಕ್ಕಿಂತ ಮಗು ಯಾವ ಮನೆಯಿಂದ ಬಂತು, ಪಕ್ಕದಲ್ಲಿ ಯಾರ ಮಕ್ಕಳು ಕೂತಿದ್ದರು ಎಂಬುದೇ ಅಂಕಗಳ ಮೇಲೆ ಹೆಚ್ಚು ಎದ್ದು ಕಂಡಿತು. ಇತ್ತೀಚೆಗೆ ಸ್ಟ್ಯಾನ್‌ಫರ್ಡಿನ ಶಾನ್ ರಿಯರ್ಡನ್ ದೇಶದ ಉದ್ದಗಲದ ಪರೀಕ್ಷೆಗಳನ್ನು ಕೂಡಿಹಾಕಿ ಇನ್ನೊಂದು ಎಳೆ ಬಿಡಿಸಿದರು: ಮೂರನೇ ಕ್ಲಾಸಿನಲ್ಲಿ ಮಕ್ಕಳು ಎಲ್ಲಿ ನಿಂತಿದ್ದಾರೆ ಎಂಬುದು ಬೇರೆ, ಅಲ್ಲಿಂದ ಎಂಟನೆಯದಕ್ಕೆ ಎಷ್ಟು ದೂರ ನಡೆದಿದ್ದಾರೆ ಎಂಬುದು ಬೇರೆ. ಮೊದಲನೆಯದು ಅಪ್ಪ ಅಮ್ಮನ ಸಂಬಳದ ನೆರಳು. ಎರಡನೆಯದರಲ್ಲಿ ಶಾಲೆಯ ಕೈವಾಡ ಕಾಣುತ್ತದೆ. ಎಲ್ಲರೂ ಮೂಗು ಮುರಿಯುವ ಶಿಕಾಗೋ ನಗರದ ಶಾಲೆಗಳ ಮಕ್ಕಳು ಐದು ವರ್ಷದಲ್ಲಿ ಆರು ವರ್ಷದಷ್ಟು ಕಲಿತಿದ್ದರು. ಸರಾಸರಿ ಅಂಕವನ್ನಷ್ಟೇ ನೋಡಿದವರಿಗೆ ಇದು ಕಾಣುವುದೇ ಇಲ್ಲ.

ಉಚಿತ ಊಟದ ಮಕ್ಕಳು ಎಂದು ಬರೆಯುವಾಗ ನಿಮ್ಮ ಪೆನ್ನು ಸ್ವಲ್ಪ ದೂರ ಸರಿದು ಕೂತಂತೆ ಕಂಡಿತು. ಬಡತನ ರೇಖೆಯ ಶೇ. 130ರೊಳಗೆ ಆದಾಯವಿದ್ದರೆ ಉಚಿತ, 185ರೊಳಗಿದ್ದರೆ ರಿಯಾಯಿತಿ. ಶಾಲೆಯ ಊಟದ ಮೂಲ ಕಾನೂನು 1946ರದು. ನಿಮ್ಮ ಸೀಮೆಯ ಬಾಡಿಗೆ ಗೊತ್ತಿದ್ದವರಿಗೆ ಆ ಆದಾಯದಲ್ಲಿ ಬದುಕುವುದು ಎಂಥ ಸಾಹಸ ಎಂದು ಹೇಳಬೇಕಾಗಿಲ್ಲ. ನಿಮ್ಮ ಹುಲ್ಲು ಕತ್ತರಿಸಲು ಬರುವವರ ಮಕ್ಕಳೇ ಇವರು. ಇನ್ನೊಂದು ತಮಾಷೆ ಕೇಳಿ. ಅನ್ನಂಡೇಲ್, ಜಸ್ಟಿಸ್, ಮೌಂಟ್ ವರ್ನನ್, ನಿಮ್ಮ ಕೌಂಟಿಯಲ್ಲಿ ಜನ ತಪ್ಪಿಸಿಕೊಂಡು ಓಡುವ ಹೈಸ್ಕೂಲುಗಳು ತಾನೆ? ಮೂರರಲ್ಲೂ ಐಬಿ, ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲೊರಿಯೆಟ್ ಎಂಬ ಅಂತರರಾಷ್ಟ್ರೀಯ ಪಾಠಕ್ರಮ ಉಂಟು, ಫೀಸಿಲ್ಲದೆ. ಬೆಂಗಳೂರಿನಲ್ಲಿ ಅದೇ ಎರಡಕ್ಷರಕ್ಕೆ ನಿಮ್ಮ ತಮ್ಮನೋ ಭಾವನೋ ವರ್ಷಕ್ಕೆ ಲಕ್ಷಗಟ್ಟಲೆ ಸುರಿಯುತ್ತಿರಬಹುದು, ವಿಚಾರಿಸಿ.

ಯಾರು ಎಲ್ಲಿ ಓದಬೇಕು ಎಂಬ ಗೆರೆ ನಿಮ್ಮ ಕೌಂಟಿಗೆ ಹೊಸದೂ ಅಲ್ಲ. 1954ರವರೆಗೆ ಅಲ್ಲಿ ಕಪ್ಪು ಮಕ್ಕಳಿಗೆ ಹೈಸ್ಕೂಲೇ ಇರಲಿಲ್ಲ. ಓದಬೇಕೆಂದವರು ಮನಾಸಸ್ಸಿಗೋ ವಾಷಿಂಗ್ಟನ್ನಿಗೋ ಹೋಗಬೇಕಿತ್ತು. ಆ ವರ್ಷ ಲೂಥರ್ ಜಾಕ್ಸನ್ ಹೈಸ್ಕೂಲು ತೆರೆಯಿತು. ಬಿಳಿಯರ ಶಾಲೆಗಳ ಬಾಗಿಲು ಒಂದಿಷ್ಟು ಸರಿಯಲು 1960 ಬರಬೇಕಾಯಿತು. ಈಗ ಜಸ್ಟಿಸ್ ಎನ್ನುವ ಶಾಲೆಗೆ 2018ರವರೆಗೂ ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪಕ್ಷ ಹಿಡಿದು ಕಾದಾಡಿದ ಸೇನಾಪತಿ ಸ್ಟುವರ್ಟನ ಹೆಸರಿತ್ತು. ಈಗ ಗೆರೆ ಎಳೆಯುವುದು ಮನೆಯ ಬೆಲೆ.

ಪೊಟೋಮ್ಯಾಕ್ ಹೊಳೆ ದಾಟಿದರೆ ಮೇರಿಲ್ಯಾಂಡಿನ ಮಾಂಟ್‌ಗೊಮರಿ ಕೌಂಟಿ. ಅಲ್ಲಿ 1970ರ ದಶಕದಿಂದ, ದೊಡ್ಡ ಬಡಾವಣೆ ಕಟ್ಟುವವರು ಒಂದು ಪಾಲು ಮನೆಗಳನ್ನು ಕಡಿಮೆ ಆದಾಯದವರಿಗೆ ಬಿಡಬೇಕು. ಅದರಲ್ಲಿ ಕೆಲವನ್ನು ಕೌಂಟಿಯ ವಸತಿ ಸಂಸ್ಥೆಯೇ ಕೊಂಡು ತೀರಾ ಬಡವರಿಗೆ ಬಾಡಿಗೆಗೆ ಕೊಡುತ್ತದೆ, ಯಾರಿಗೆ ಯಾವ ಮನೆ ಎಂಬುದು ಚೀಟಿ ಎತ್ತಿದ ಹಾಗೆ. 2010ರಲ್ಲಿ ಹೆದರ್ ಶ್ವಾರ್ಟ್ಸ್ ಎಂಬ ಸಂಶೋಧಕಿ ಅಂಥ ಸುಮಾರು 850 ಮಕ್ಕಳ ಏಳು ವರ್ಷದ ಲೆಕ್ಕ ತೆಗೆದರು. ಬಡ ಮಕ್ಕಳೇ ಹೆಚ್ಚಿದ್ದ ಶಾಲೆಗಳಿಗೆ ಕೌಂಟಿ ಹೆಚ್ಚು ಹಣ ಸುರಿದಿತ್ತು, ಕ್ಲಾಸುಗಳನ್ನು ಚಿಕ್ಕದು ಮಾಡಿತ್ತು. ಆದರೂ ಅಲ್ಲಿನವರಿಗಿಂತ, ಅನುಕೂಲಸ್ಥರ ಮಕ್ಕಳ ಜೊತೆ ಕೂತ ಬಡ ಮಕ್ಕಳೇ ಮುಂದೆ ಹೋದರು. ಇದು ಪ್ರಾಥಮಿಕ ಶಾಲೆಯ ಕತೆ, ಅದೂ ಬಡ ಮಕ್ಕಳದ್ದು. ನಿಮ್ಮ ಮಗನ ಬಗ್ಗೆ ಏನೂ ಹೇಳುವುದಿಲ್ಲ ಎನ್ನುತ್ತೀರಿ. ಸರಿ.

ಹಾಗಾದರೆ ನನ್ನದನ್ನೇ ಹೇಳುತ್ತೇನೆ. ನಾನು ಓದಿದ್ದು ತಾಲೂಕು ಕೇಂದ್ರದ ಸರ್ಕಾರಿ ಹೈಸ್ಕೂಲಿನಲ್ಲಿ. ಬೆಂಚಿನ ಈ ತುದಿಗೆ ಅಮಲ್ದಾರರ ಮಗ, ಆ ತುದಿಗೆ ಬೀಡಿ ಕಟ್ಟುವವರ ಮಗ, ನಡುವೆ ನಾನು. ಒಂದು ಬೇಸಗೆ ಶಾಲೆಯ ನಲ್ಲಿ ಕೆಟ್ಟಿತು. ಹೆಡ್‌ಮಾಸ್ಟರು ಬರೆದ ಮೂರು ಕಾಗದಕ್ಕೂ ಉತ್ತರವಿಲ್ಲ. ಅಮಲ್ದಾರರ ಮಗ ನೀರಿಲ್ಲದೆ ತಲೆಸುತ್ತಿ ಬಿದ್ದ ಮಾರನೆಯ ಬೆಳಿಗ್ಗೆ ಎಂಟು ಗಂಟೆಗೆ ಮುನಿಸಿಪಾಲಿಟಿಯ ಫಿಟ್ಟರು ಹಾಜರು! ನೀರನ್ನು ಎಲ್ಲರೂ ಕುಡಿದೆವು. ಹೋದ ವರ್ಷ ಅದೇ ಶಾಲೆಗೆ ಭಾಷಣಕ್ಕೆ ಹೋಗಿದ್ದೆ. ಅಧಿಕಾರಿಗಳ ಮಕ್ಕಳು ಒಬ್ಬರೂ ಇಲ್ಲ, ಎಲ್ಲ ಹಳದಿ ಬಸ್ಸು ಹತ್ತಿ ಹೋಗಿದ್ದಾರೆ. ನಲ್ಲಿಗೆ ಗೋಣಿದಾರ ಸುತ್ತಿತ್ತು.

ಈ ರ‍್ಯಾಂಕಿನ ಚಟ ನಿಮಗೆ ಅಮೆರಿಕದಲ್ಲಿ ಹತ್ತಿದ್ದಲ್ಲ, ಬಿಡಿ. ಇಲ್ಲಿಂದಲೇ ಸೂಟ್‌ಕೇಸಿನಲ್ಲಿ ಹೋದದ್ದು. ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಜಿಲ್ಲೆಗಳನ್ನು ಏಣಿಯ ಮೆಟ್ಟಿಲ ಹಾಗೆ ಜೋಡಿಸಿ ಅಚ್ಚು ಹಾಕುವವರಲ್ಲಿ ನಾನೂ ಒಬ್ಬ. 2024ರಲ್ಲಿ ಉಡುಪಿ ಶೇ. 94, ಮೊದಲು. ಯಾದಗಿರಿ ಶೇ. 50ರ ಹತ್ತಿರ, ಕೊನೆ. ಮಾರನೆಯ ದಿನ ಉಡುಪಿಗೆ ಅಭಿನಂದನೆ, ಯಾದಗಿರಿಯ ಮೇಷ್ಟ್ರುಗಳಿಗೆ ನೋಟಿಸು. ಅಪ್ಪ ಅಮ್ಮ ಬೆಂಗಳೂರಿಗೆ ಗುಳೆ ಹೊರಟಾಗ ಜೊತೆಗೆ ಹೋದ ಹುಡುಗ, ಹತ್ತಿ ಬಿಡಿಸಲು ಹೋದ ಹುಡುಗಿ, ವರ್ಷಗಟ್ಟಲೆ ಖಾಲಿ ಬಿದ್ದ ಗಣಿತದ ಮೇಷ್ಟ್ರ ಕುರ್ಚಿ, ಇವು ಯಾವುದೂ ಆ ಏಣಿಯಲ್ಲಿಲ್ಲ. ನಂಜುಂಡಪ್ಪ ಸಮಿತಿ 2002ರಲ್ಲೇ 114 ತಾಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ ಕೊಟ್ಟಿತ್ತು. ಅದನ್ನು ಓದಿದ್ದರೆ ಎಸ್‌ಎಸ್‌ಎಲ್‌ಸಿ ಪಟ್ಟಿಯ ತಳದಲ್ಲಿ ಯಾರಿರುತ್ತಾರೆಂದು ಪರೀಕ್ಷೆಗೆ ಮೊದಲೇ ಊಹಿಸಬಹುದಿತ್ತು.

ಎಲ್ಲಿಂದ ಎಲ್ಲಿಗೋ ಬಂದೆ. ನಿಮ್ಮ ಮನೆಯ ವಿಚಾರಕ್ಕೆ: ಮಾರಾಟದ ಬೋರ್ಡು ನೆಡುವ ಮೊದಲು ಒಂದು ಸಂಜೆ ಮಗನನ್ನೂ ನಿಮ್ಮಾಕೆಯನ್ನೂ ಕರೆದುಕೊಂಡು ಆ ನಾಲ್ಕರ ಶಾಲೆಗೆ ಹೋಗಿ. ಹೊಸಬರು ಬಂದು ನೋಡುವ ಸಂಜೆಗಳನ್ನು ಅವರೇ ಇಟ್ಟಿರುತ್ತಾರೆ. ಗಣಿತದಲ್ಲಿ ಎಲ್ಲಿಯವರೆಗೆ ಕಲಿಸುತ್ತೀರಿ, ಹೋದ ವರ್ಷ ಎಷ್ಟು ಮೇಷ್ಟ್ರು ಬಿಟ್ಟು ಹೋದರು ಎಂದು ಕೇಳಿ. ಅದೇ ವೆಬ್‌ಸೈಟಿನಲ್ಲಿ ಬೆರಳನ್ನು ಇನ್ನೂ ಸ್ವಲ್ಪ ಕೆಳಗೆ ಎಳೆದರೆ ಮಕ್ಕಳ ಪ್ರಗತಿಗೆ ಬೇರೆ ಅಂಕ ಇದ್ದೀತು, ಅದನ್ನೂ ನೋಡಿ. ಆಮೇಲೂ ನಿಮ್ಮಾಕೆಗೆ ಒಂಬತ್ತೇ ಬೇಕೆನ್ನಿಸಿದರೆ ನಾನು ಅಡ್ಡ ಬರುವವನಲ್ಲ. ಕಂತು ಕಟ್ಟುವವರು ನೀವು.

ಮಗ ಅಲ್ಲೇ ಸೇರಿದನಾದರೆ, ಮೊದಲ ತಿಂಗಳು ಊಟದ ಟೇಬಲಿನಲ್ಲಿ ಯಾರ ಪಕ್ಕ ಕೂತ ಎಂದು ಅವನಿಂದಲೇ ಒಂದು ಪುಟ ಬರೆಸಿ ಕಳಿಸಿ. ಕಾಗುಣಿತ ತಿದ್ದುವ ಹೊಣೆ ನನ್ನದು.

— ಸಂಪಾದಕ