ಸಂಪಾದಕರ ಉತ್ತರ: ಜಮೀನು ಪುಕ್ಕಟೆ, ಬೇಸಾಯ ಅಲ್ಲ

ರಾಣೆಬೆನ್ನೂರಿನ ಓದುಗರೊಬ್ಬರು ಕೇಳಿದ್ದಾರೆ: ಅಮೆರಿಕದ ಕ್ಯಾನ್ಸಸ್‌ ರಾಜ್ಯದಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದವರು ಕಟ್ಟಿದ ನಿಕೊಡೀಮಸ್‌ ಎಂಬ ಊರಿದೆಯಂತೆ. ತಲಾ 160 ಎಕರೆ ಪುಕ್ಕಟೆ ಸಿಕ್ಕಿಯೂ ಅದು ಖಾಲಿಯಾದದ್ದೇಕೆ? ಅವರಿಗೆ ಬೇಸಾಯ ಬರುತ್ತಿರಲಿಲ್ಲವೇ? ಡೆನ್ವರ್‌ನಲ್ಲಿರುವ ಮಗ ಹೋಗಿ ನೋಡುವಂಥದ್ದು ಅಲ್ಲಿ ಏನಾದರೂ ಉಳಿದಿದೆಯೇ?

ಬೇಸಾಯ ಚೆನ್ನಾಗಿಯೇ ಬರುತ್ತಿತ್ತು. 1877ರಲ್ಲಿ ಬಂದವರಲ್ಲಿ ಹೆಚ್ಚಿನವರು ಕೆಂಟಕಿ ರಾಜ್ಯದ ಹೊಗೆಸೊಪ್ಪಿನ ಸೀಮೆಯವರು. ಆದರೆ ಅಲ್ಲಿ ಬೀಳುತ್ತಿದ್ದ ಮಳೆಯ ಅರ್ಧದಷ್ಟೂ ಇಲ್ಲಿ ಖಾತ್ರಿಯಿರಲಿಲ್ಲ. ನೆಲದ ಗುಣವೂ ಬೇರೆ.

ಮೊದಲು ‘ಪುಕ್ಕಟೆ’ಯ ಲೆಕ್ಕ ನೋಡೋಣ. ಬಿಡುಗಡೆಯಾದವರಿಗೆಂದೇ 1865ರಲ್ಲಿ ಮೀಸಲಿಟ್ಟಿದ್ದ ತಲಾ 40 ಎಕರೆಯ ಜಮೀನನ್ನು ಅದೇ ವರ್ಷ ಹಳೆಯ ಧಣಿಗಳಿಗೆ ಮರಳಿಸಲಾಯಿತು. ಇವರು ಬಳಸಿಕೊಂಡದ್ದು ಸರ್ಕಾರಿ ಜಮೀನು ಕೊಡುವ, ಎಲ್ಲ ಪ್ರಜೆಗಳಿಗೂ ತೆರೆದಿದ್ದ 1862ರ ಹೋಮ್‌ಸ್ಟೆಡ್‌ ಕಾಯ್ದೆಯನ್ನು. ಅರ್ಜಿಯಿಂದ ಹಕ್ಕುಪತ್ರದವರೆಗೆ ಒಟ್ಟು 18 ಡಾಲರ್‌ ಶುಲ್ಕ. ಐದು ವರ್ಷ ಅಲ್ಲೇ ವಾಸವಿದ್ದು ಉಳುಮೆ ಮಾಡಿದರೆ ಮಾತ್ರ ಜಮೀನು ಸ್ವಂತ. ಮೂಲನಿವಾಸಿಗಳನ್ನು ಎಬ್ಬಿಸಿ ‘ಖಾಲಿ’ ಮಾಡಿಸಿದ ನೆಲವದು ಎಂಬುದನ್ನೂ ಮರೆಯುವಂತಿಲ್ಲ. ಮೊದಲ ಚಳಿಗಾಲದಲ್ಲಿ ಈ ವಲಸಿಗರಿಗೆ ಬೇಟೆಯ ಮಾಂಸ ಕೊಟ್ಟು ಕಾಪಾಡಿದವರು ಓಸೇಜ್‌ ಎಂಬ ಮೂಲನಿವಾಸಿ ಜನ.

ಮರವಿಲ್ಲದ ಬಯಲು, ಮನೆ ಕಟ್ಟಲು ತೊಲೆ ಎಲ್ಲಿಂದ ಬರಬೇಕು? ದಿಬ್ಬದ ಮಗ್ಗುಲನ್ನು ಒಳಕ್ಕೆ ಅಗೆದು, ಮುಂದೊಂದು ಗೋಡೆ ಎಬ್ಬಿಸಿ, ಮೇಲೆ ಗಳ, ಪೊದೆಸೊಪ್ಪು, ಅದರ ಮೇಲೆ ಹುಲ್ಲುಬೇರಿನ ಹೆಂಟೆ ಹೊದಿಸಿದರೆ ಮನೆ. ಮಳೆ ಬಂದರೆ ಸೂರು ಸೋರುತ್ತಿತ್ತು, ಮಳೆ ನಿಂತ ಮೇಲೂ ಕೆಸರು ತೊಟ್ಟಿಕ್ಕುತ್ತಿತ್ತು. 1878ರಲ್ಲಿ ಬಂದ ವಿಲಿಯಾನಾ ಹಿಕ್‌ಮನ್‌ಗೆ ಊರು ತೋರಿಸಿದಾಗ ಕಂಡದ್ದು ನೆಲದೊಳಗಿಂದ ಏಳುತ್ತಿದ್ದ ಹೊಗೆ ಮಾತ್ರ. ಆಕೆ ಅತ್ತೇಬಿಟ್ಟರು.

ಇನ್ನು ಉಳುಮೆ. ಶತಮಾನಗಳ ಹುಲ್ಲುಬೇರು ಚಾಪೆಯಂತೆ ಹೆಣೆದುಕೊಂಡ ಬೀಳು ಅದು. ಒಡೆಯಲು ಉಕ್ಕಿನ ಗುಳದ ನೇಗಿಲು, ಎರಡು ಮೂರು ಜೋಡಿ ಎತ್ತು ಬೇಕು. ಹುಲ್ಲು ಚಿಗುರುತ್ತಿರುವ ಮೇ–ಜೂನ್‌ನಲ್ಲೇ, ಎರಡು ಮೂರು ಇಂಚಿನಷ್ಟು ತೆಳುವಾಗಿ ಮಗುಚಬೇಕು. ಆಗ ಬೇರು ಬೇಸಿಗೆಯಲ್ಲಿ ಕೊಳೆತು, ಶರತ್ಕಾಲಕ್ಕೆ ಗೋಧಿ ಬಿತ್ತಲು ಹದ ಬರುತ್ತದೆ. ತಡವಾದರೆ ಅಥವಾ ಆಳಕ್ಕೆ ಹೋದರೆ ಹೆಂಟೆ ಕೊಳೆಯದೆ ಒಣಗಿ ಇಟ್ಟಿಗೆಯಾಗಿ ಕೂರುತ್ತದೆ. ಇವರ ಬಳಿ ದನ, ಕುದುರೆ ಬೆರಳೆಣಿಕೆಯಷ್ಟು. ಬಹಳ ಮಂದಿ ಸಲಿಕೆ, ಗುದ್ದಲಿಯಲ್ಲೇ ಅಗೆದರು. ಹಾಗೆ ಅಗೆದರೆ 160 ಎಕರೆಯಲ್ಲಿ ಮೊದಲ ವರ್ಷ ಎಷ್ಟು ಸಾಗುವಳಿಯಾದೀತು, ರೈತರಾದ ನಿಮಗೆ ಹೇಳಬೇಕಿಲ್ಲ.

ಅಷ್ಟಾದರೂ ಊರು ನಿಂತಿತು. 1887ರ ಹೊತ್ತಿಗೆ ಶಾಲೆ, ಚರ್ಚು, ಹೋಟೆಲು, ಬ್ಯಾಂಕು, ಎರಡು ಪತ್ರಿಕೆಗಳೂ ಇದ್ದವು. ಹೊಡೆತ ಕೊಟ್ಟದ್ದು ರೈಲು. ಹಳಿ ತಮ್ಮೂರಿಗೆ ಬರಲೆಂದು 1887ರಲ್ಲಿ ಊರವರು ಒಂದು ರೈಲು ಕಂಪನಿಗೆ ನೆರವಾಗಲು 16,000 ಡಾಲರ್‌ ಸಾಲದ ಬಾಂಡಿಗೆ ಮತ ಹಾಕಿದರು. ಆ ಕಂಪನಿ ಬರಲಿಲ್ಲ. ಮರುವರ್ಷ ಯೂನಿಯನ್‌ ಪೆಸಿಫಿಕ್‌ ಎಂಬ ಇನ್ನೊಂದು ರೈಲು ಕಂಪನಿ ಹೊಳೆಯ ಆಚೆ ದಡದಲ್ಲಿ ಹಳಿ ಹಾಕಿತು, ಅಲ್ಲಿ ಬೋಗ್‌ ಎಂಬ ಊರೆದ್ದಿತು. ವ್ಯಾಪಾರಿಗಳು ಅಂಗಡಿ ಕಿತ್ತುಕೊಂಡು ಅತ್ತ ಹೋದರು. ಪೇಟೆ ಹೋಯಿತು, ರೈತರು ಉಳಿದರು. ಅವರಲ್ಲೂ ಅನೇಕರನ್ನು 1930ರ ದಶಕದ ಬರ ಮತ್ತು ಧೂಳುಗಾಳಿ ಎಬ್ಬಿಸಿದವು. 1953ರಲ್ಲಿ ಅಂಚೆ ಕಚೇರಿಯೂ ಮುಚ್ಚಿತು. ಇದನ್ನು ಬೇಸಾಯದ ಸೋಲು ಎನ್ನಲು ನನಗೆ ಮನಸ್ಸಿಲ್ಲ.

ದಕ್ಷಿಣದ ರಾಜ್ಯಗಳ ಕಪ್ಪು ರೈತರು ಜಮೀನು ಕಳೆದುಕೊಂಡ ದಾರಿ ಇನ್ನೊಂದು. ಹಿರಿಯರು ಉಯಿಲು ಬರೆಯದೆ ತೀರಿಕೊಂಡರೆ ಆಸ್ತಿ ಎಲ್ಲ ವಾರಸುದಾರರಿಗೂ ಅವಿಭಕ್ತ ಪಾಲಾಗಿ ಉಳಿಯುತ್ತದೆ. ಹೊರಗಿನವನೊಬ್ಬ ಒಂದು ಪಾಲು ಕೊಂಡು ಕೋರ್ಟಿಗೆ ಹೋದರೆ ಇಡೀ ಜಮೀನು ಹರಾಜಿಗೆ ಬರಬಹುದು. ಪೌತಿ ಖಾತೆ ಮಾಡಿಸದೆ ಕೂತವರಿಗೆ ಇದು ಅರ್ಥವಾದೀತು.

ನಿಮ್ಮ ಮಗ ಖಂಡಿತ ಹೋಗಲಿ. 1996ರಿಂದ ನಿಕೊಡೀಮಸ್‌ ರಾಷ್ಟ್ರೀಯ ಐತಿಹಾಸಿಕ ತಾಣ. ಟೌನ್‌ಶಿಪ್‌ ಹಾಲ್‌, ಶಾಲೆ, ಎರಡು ಚರ್ಚು, ಹೋಟೆಲು, ಹೀಗೆ ಐದು ಹಳೆಯ ಕಟ್ಟಡಗಳಿವೆ. ಜುಲೈ ಕೊನೆಯಲ್ಲಿ ಹೋದರೆ ಒಳ್ಳೆಯದು, ಊರು ಬಿಟ್ಟವರ ಮಕ್ಕಳು ಮೊಮ್ಮಕ್ಕಳು ವರ್ಷಕ್ಕೊಮ್ಮೆ ಸೇರುವುದು ಆಗಲೇ. ಹತ್ತಿರದ ಪೇಟೆ ಹಿಲ್‌ ಸಿಟಿ, 24ನೇ ಹೆದ್ದಾರಿಯಲ್ಲೇ ಪಶ್ಚಿಮಕ್ಕಿದೆ. ನಿಕೊಡೀಮಸ್‌ಗೆ ಜನರನ್ನು ಕರೆತಂದ ಬಿಳಿಯ ಭೂವ್ಯಾಪಾರಿ ಡಬ್ಲ್ಯು. ಆರ್‌. ಹಿಲ್‌ನ ಹೆಸರೇ ಆ ಪೇಟೆಗೆ.