ಪಟ್ಟಿಯಿಂದ ಹೆಸರು ತೆಗೆದರೆ ದೇಶ ಸುಧಾರಿಸಿದೆ ಅಂತಲೇ?

ಭಯೋತ್ಪಾದನೆಗೆ ಬೆಂಬಲ ಕೊಡುವ ದೇಶಗಳ ಪಟ್ಟಿಯಿಂದ ಅಮೆರಿಕ ಒಂದು ಹೆಸರು ತೆಗೆದರೆ, ಆ ದೇಶ ಸರಿಹೋಗಿದೆ ಎಂದರ್ಥವೇ ಅಂತ ಕೇಳಿದ್ದೀರಿ. ಹಾಗೇನೂ ಇಲ್ಲ. ಇರಾಕ್ ನೋಡಿ. 1979ರ ಮೊದಲ ಪಟ್ಟಿಯಲ್ಲೇ ಇತ್ತು, 1982ರಲ್ಲಿ ತೆಗೆದರು. ಪ್ಯಾಲೆಸ್ತೀನಿ ಉಗ್ರರ ಅಬು ನಿದಾಲ್ ಗುಂಪು ಆಗಿನ್ನೂ ಬಾಗ್ದಾದಿನಲ್ಲೇ ಇತ್ತು! ಆದರೆ ಇರಾನ್-ಇರಾಕ್ ಯುದ್ಧದಲ್ಲಿ ಇರಾನ್ ಕೈ ಮೇಲಾಗುತ್ತಿತ್ತು, ಇರಾಕಿನ ಸದ್ದಾಂಗೆ ಅಮೆರಿಕ ನೆರವು ಕೊಡಬೇಕಿತ್ತು. 1990ರಲ್ಲಿ ಕುವೈತ್ ಮೇಲೆ ನುಗ್ಗಿದ್ದೇ ತಡ, ಹೆಸರು ವಾಪಸ್.

ಕ್ಯೂಬಾದ್ದು ಇನ್ನೂ ತಮಾಷೆ. 2025ರ ಜನವರಿ 14ರಂದು ಬೈಡನ್ ಹೆಸರು ತೆಗೆಯಲು ಹೊರಟರು. 20ರಂದು ಟ್ರಂಪ್ ಅಧಿಕಾರಕ್ಕೆ ಬಂದ ದಿನವೇ ಅದನ್ನು ರದ್ದು ಮಾಡಿದರು. ಅಷ್ಟರಲ್ಲಿ ಹವಾನಾದಲ್ಲಿ ಏನು ಬದಲಾಗಿರುತ್ತೆ, ಅಲ್ವಾ?

ಹಾಗಂತ ಪಟ್ಟಿಯೆಲ್ಲ ಸುಮ್ನೆ ಕಟ್ಟಿದ್ದಲ್ಲ. ಲೆಬನಾನಿನ ಸಶಸ್ತ್ರ ಗುಂಪು ಹಿಜ್ಬುಲ್ಲಾಗೆ ಪಟ್ಟಿಯಲ್ಲಿರುವ ಇರಾನ್ ದುಡ್ಡು, ಆಯುಧ ಕೊಟ್ಟಿದ್ದು ನಿಜವೇ.